ನಾರು ತೆಗೆಯುತ್ತಿದ್ದ ಸಣ್ಣತ್ತೆ

ಹೋದ ವಾರ ನನ್ನ ಸೊಸೆ ಪೇಟೆಯಿಂದ ಗಟ್ಟಿ ಇಂಗಿನ ಉಂಡೆಯೊಂದನ್ನು ತಂದಳು. ಒರಳಿನ ಪಕ್ಕದಲ್ಲಿಟ್ಟುಕೊಂಡು ಗುಂಡುಕಲ್ಲಿನಿಂದ ಒಡೆದಾಗ ಅದರ ಘಾಟು ಅಡುಗೆಮನೆ ದಾಟಿ ಪಡಸಾಲೆಗೂ ಬಂತು. ಅವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ಕೂತಲ್ಲೇ ನನ್ನ ಎಡಗಾಲ ಹರಡಿನ ಹತ್ತಿರ, ಪಾದದ ಗಂಟಿನಲ್ಲಿ, ಚುರುಕ್ ಎಂದಿತು. ಅಲ್ಲೊಂದು ಹಳೆಯ ಕಲೆ ಇದೆ, ಹೆಸರುಕಾಳಿನಷ್ಟು. ಆ ಕಲೆ ಬಿದ್ದು ನಲವತ್ತು ವರ್ಷದ ಮೇಲಾಯಿತು.

"ಏನಾಯ್ತು ಅತ್ತೆ?" ಎಂದು ಸೊಸೆ ಕೇಳಿದಳು. ನಾರುಹುಣ್ಣು ಎಂದೆ. ಚಿತ್ರದುರ್ಗದ ಪೇಟೆಯಲ್ಲಿ ಹುಟ್ಟಿ ಬೆಳೆದವಳು, ಅವಳಿಗೆ ಆ ಮಾತೇ ಗೊತ್ತಿಲ್ಲ. ಕಾಲಿನೊಳಗೆ ಹುಳ ಬೆಳೆಯುತ್ತಿತ್ತು, ದಾರದಂಥ ಹುಳ, ಮೊಳಗಟ್ಟಲೆ ಉದ್ದ, ಚರ್ಮ ಸೀಳಿಕೊಂಡು ಹೊರಗೆ ಬರುತ್ತಿತ್ತು ಎಂದು ಹೇಳಿದಾಗ ನಾನು ಕತೆ ಕಟ್ಟುತ್ತಿದ್ದೇನೆಂದುಕೊಂಡಳು. ಕತೆಯಾಗಿದ್ದರೆ ಎಷ್ಟು ಚೆನ್ನಾಗಿತ್ತು...

ನಾನು ಹೊಳಲ್ಕೆರೆ ಕಡೆಯವಳು. ನನ್ನನ್ನು ಕೊಟ್ಟಿದ್ದು ಹಿರಿಯೂರು ತಾಲ್ಲೂಕಿಗೆ, ಜವನಗೊಂಡನಹಳ್ಳಿಯ ಹಾದಿಯಿಂದ ಒಳಕ್ಕೆ ಮೂರು ಮೈಲಿ ನಡೆದರೆ ಸಿಗುವ ಒಂದು ಹಳ್ಳಿಗೆ. ಆಗ ಮಾರಿಕಣಿವೆಯಲ್ಲಿ ಹೊಳೆಗೆ ಅಡ್ಡ ಕಟ್ಟೆ ಕಟ್ಟುತ್ತಿದ್ದರು. ಊರಿನ ಗಂಡಸರಲ್ಲಿ ಅರ್ಧ ಜನ ಕಲ್ಲು ಹೊರಲು ಅಲ್ಲಿಗೆ ಹೋಗುತ್ತಿದ್ದರು. ನನ್ನ ಮಾವ ಊರಿಗೆ ಗೌಡರು. ನಮ್ಮ ಹಿತ್ತಲಿಗೆ ಹೊಂದಿಕೊಂಡಂತೆ, ಕಳ್ಳಿ ಬೇಲಿಯ ಆಚೆ, ಒಂದಂಕಣದ ಮನೆಯಿತ್ತು. ಅದರಲ್ಲಿ ಮಾವನ ತಮ್ಮನ ಹೆಂಡತಿ ಒಬ್ಬಳೇ ಇದ್ದಳು. ಗಂಡ ಸತ್ತು ಎಷ್ಟೋ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ರಾಗಿ, ಅವರೆ, ಸೌದೆ ಎಲ್ಲ ನಮ್ಮ ಮನೆಯಿಂದಲೇ ಅವಳಿಗೆ ಹೋಗಬೇಕು. ನನಗೆ ಅವಳು ಸಣ್ಣತ್ತೆ.

ಊರ ನಡುವೆ ಒಂದು ಮೆಟ್ಟಿಲು ಬಾವಿ. ಅದನ್ನು ಕಟ್ಟಿಸಿದ್ದು ಮಾವನ ತಂದೆ. ಚೌಕನೆಯ ಬಾವಿ, ಕಲ್ಲಿನ ಮೆಟ್ಟಿಲುಗಳು ನೀರಿನ ಒಳಗಿನವರೆಗೂ ಇಳಿದಿದ್ದವು. ಹಗ್ಗ ಬೇಕಿಲ್ಲ, ರಾಟೆ ಬೇಕಿಲ್ಲ. ಕೊಡ ಹಿಡಿದು ಇಳಿದು, ಮೊಣಕಾಲುದ್ದ ನೀರಿನಲ್ಲಿ ನಿಂತು, ಕೊಡ ಮುಳುಗಿಸಿ ಹತ್ತಿ ಬರುವುದು. ಸುತ್ತಿನ ಹಳ್ಳಿಗಳಲ್ಲಿ ಅಂಥ ಬಾವಿ ಇಲ್ಲವೆಂದು ನಮ್ಮವರಿಗೆ ಹೆಮ್ಮೆ. ಮದುವೆಯಾಗಿ ಬಂದ ಹೊಸತರಲ್ಲಿ ನನಗೂ ಹೆಮ್ಮೆಯೇ ಆಗಿತ್ತು.

ಬಂದು ವರ್ಷ ತುಂಬುವ ಹೊತ್ತಿಗೆ, ಬೇಸಿಗೆಯಲ್ಲಿ, ನನ್ನ ಹರಡಿನ ಮೇಲೊಂದು ಗುಳ್ಳೆ ಎದ್ದಿತು. ಅದರ ಉರಿಯನ್ನು ಹೇಳಲಾರೆ. ಒಲೆಯ ಕೆಂಡವನ್ನು ಚರ್ಮದೊಳಗೆ ಇಟ್ಟು ಹೊಲಿದ ಹಾಗೆ. ಕಾಲೂರಲು ಆಗದೆ ಹಿತ್ತಲಲ್ಲಿ ಕೂತು ಅಳುತ್ತಿದ್ದಾಗ ಬೇಲಿಯ ಆಚೆಯಿಂದ ಸಣ್ಣತ್ತೆ ಕೇಳಿದಳು.

"ಉರೀತೈತೇನೆ ಹುಡುಗಿ?"

ಹೂಂ ಎಂದೆ.

"ಬಾ ಇತ್ಲಾಗೆ. ಅಳಬ್ಯಾಡ. ನಾರು ಅದು."

ಅವಳು ಮೊದಲು ನನ್ನನ್ನು ಹೆಗಲಿಗೆ ಆನಿಸಿಕೊಂಡು ಬಾವಿಗೆ ಕರೆದೊಯ್ದಳು. ನೀರು ತಾಗುವ ಮೆಟ್ಟಿಲಿನ ಮೇಲೆ ಕೂರಿಸಿ ಕಾಲನ್ನು ಇಳಿಬಿಡಿಸಿದಳು. ತಣ್ಣನೆಯ ನೀರು ಸೋಕಿದ್ದೇ ಗುಳ್ಳೆ ಒಡೆದು, ಅಕ್ಕಿ ತೊಳೆದ ನೀರಿನಂಥದ್ದು ಬೆಳ್ಳಗೆ ಹರಿದು ಬಾವಿಯಲ್ಲಿ ಕರಗಿಹೋಯಿತು. ಉರಿ ಇಳಿಯಿತು. ನನಗೆ ಹೋದ ಜೀವ ಬಂದಂತಾಯಿತು. "ನೋಡು, ನಾರು ಹಾಲು ಕಕ್ತು. ಇನ್ನು ಹಾದಿಗೆ ಬರುತ್ತೆ," ಎಂದಳು. ಪಕ್ಕದ ಮೆಟ್ಟಿಲಲ್ಲಿ ಯಾರೋ ಕೊಡ ಮುಳುಗಿಸುತ್ತಿದ್ದರು. ಅದನ್ನು ನಾವಿಬ್ಬರೂ ನೋಡಿದೆವು. ನೋಡಿದರೂ ಏನೂ ಅನ್ನಿಸಲಿಲ್ಲ.

ಆಮೇಲೆ ಹದಿನೆಂಟು ದಿನ ನನ್ನ ಕಾಲು ಅವಳ ತೊಡೆಯ ಮೇಲಿತ್ತು. ಹುಣ್ಣಿನ ಬಾಯಲ್ಲಿ ಬಿಳಿ ದಾರದ ತುದಿಯಂತೆ ಹುಳ ಕಂಡಿತು. ಅದನ್ನು ಒಂದು ಪೊರಕೆ ಕಡ್ಡಿಗೆ ಸುತ್ತಿ, ಬಟ್ಟೆಯ ಚೂರಿನಿಂದ ಕಟ್ಟಿದಳು. ದಿನಕ್ಕೆ ಒಂದು ಸುತ್ತು, ಕೆಲವು ದಿನ ಅರ್ಧವೇ ಸುತ್ತು. ಅವಸರ ಮಾಡಿದರೆ ಹುಳ ಒಳಗೇ ತುಂಡಾಗುತ್ತದೆ. ತುಂಡಾದರೆ ಕಾಲು ಕೊಳೆತು, ನರ ಎಳೆದು, ಬದುಕಿರುವವರೆಗೂ ಕುಂಟಬೇಕು. ಸುತ್ತು ಮುಗಿದ ಮೇಲೆ ಇಂಗು, ಬೇವಿನ ಎಲೆ, ಹರಳೆಣ್ಣೆ ಅರೆದು ಮೆತ್ತುತ್ತಿದ್ದಳು. ಮನೆಯಲ್ಲಿ ನನ್ನ ಅತ್ತೆ, "ಹೊಸ ಸೊಸೆ ಮಂಚ ಹಿಡಿದ್ಲು," ಎಂದು ಬಂದವರ ಮುಂದೆಲ್ಲ ಆಡಿಕೊಂಡರು. ಸಣ್ಣತ್ತೆ ಮಾತ್ರ ನನ್ನ ಕಾಲನ್ನು ಹಸುಗೂಸಿನಂತೆ ಹಿಡಿದು, ತನ್ನ ತವರಿನ ಮಾತು, ಸತ್ತ ಗಂಡನ ಮಾತು, ಏನೇನೋ ಹೇಳುತ್ತ ನೋವು ಮರೆಸುತ್ತಿದ್ದಳು. ನನ್ನ ತಾಯಿ ಕೂಡ ನನ್ನ ಪಾದವನ್ನು ಅಷ್ಟು ದಿನ ಮುಟ್ಟಿರಲಿಕ್ಕಿಲ್ಲ.

ಅವಳ ಜಗಲಿ ಬೇಸಿಗೆ ಪೂರ್ತಿ ಖಾಲಿಯಾಗುತ್ತಿರಲಿಲ್ಲ. ಹೊಸದುರ್ಗದ ಕಡೆಯಿಂದಲೂ ಗಾಡಿ ಕಟ್ಟಿಕೊಂಡು ಬರುತ್ತಿದ್ದರು. ಯಾರಿಂದಲೂ ಏನನ್ನೂ ತೆಗೆದುಕೊಂಡವಳಲ್ಲ. ಯಾರಾದರೂ ಸೇರು ಕಾಳು ತಂದರೆ, "ಇಂಗು ತಂದುಕೊಡಪ್ಪ, ಮುಂದಿನೋರಿಗೆ ಆಗುತ್ತೆ," ಎನ್ನುತ್ತಿದ್ದಳು. ಊರ ಹೊರಗಿನ ಕೇರಿಯವರೂ ಹಿತ್ತಲ ಕಡೆಯಿಂದ ಬರುತ್ತಿದ್ದರು, ಅಪರೂಪಕ್ಕೆ. ಅವರ ಕಾಲನ್ನೂ ತೊಡೆಯ ಮೇಲೆಯೇ ಇಟ್ಟುಕೊಳ್ಳುತ್ತಿದ್ದಳು. ಊರಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿತ್ತು, ಯಾಕೆಂದರೆ ನಾಳೆ ತನ್ನ ಕಾಲನ್ನೂ ಅವಳಿಗೇ ಕೊಡಬೇಕಲ್ಲ. ಹಬ್ಬಕ್ಕೆ ಮೊದಲ ಎಡೆ ಅವಳಿಗೆ ಕಳಿಸುವವರಿದ್ದರು. "ನಮ್ಮ ಪಾಲಿನ ದೇವರು," ಎಂದು ಅವಳ ಕೈಯನ್ನು ಕಣ್ಣಿಗೊತ್ತಿಕೊಳ್ಳುವವರಿದ್ದರು. ಆ ಮಾತನ್ನು ನೆನೆದರೆ ಇವತ್ತು ಬಾಯಿ ಕಹಿಯಾಗುತ್ತದೆ.

ಮರುವರ್ಷದ ಬೇಸಿಗೆಯಲ್ಲಿ ಕಟ್ಟೆ ಕೆಲಸದ ಕಡೆಯಿಂದ ಒಬ್ಬ ಡಾಕ್ಟರು ಕುದುರೆ ಮೇಲೆ ಬಂದರು. ನಮ್ಮ ಊರಿನ ಆಳುಗಳು ಒಬ್ಬರ ಹಿಂದೊಬ್ಬರು ನಾರೆದ್ದು ಮಲಗುತ್ತಿದ್ದುದರಿಂದ ಕೆಲಸ ನಿಂತಿತ್ತಂತೆ. ವಿಚಾರಿಸುತ್ತ ಸಣ್ಣತ್ತೆಯ ಜಗಲಿಗೇ ಬಂದರು. ಮೈಸೂರಿನ ಕಡೆಯ ಮಾತು, ಎಳೆ ವಯಸ್ಸು, ಒಳ್ಳೆಯ ಮನುಷ್ಯ. ಅವಳು ಒಬ್ಬ ಕುಂಬಾರನ ಕಾಲಿನಿಂದ ಹುಳ ಸುತ್ತುತ್ತಿದ್ದುದನ್ನು ಪಕ್ಕದಲ್ಲಿ ಕೂತು ನೋಡಿದರು.

"ಅಮ್ಮಾ, ಹುಳ ಒಂದು ಸಲವೂ ತುಂಡಾಗದ ಹಾಗೆ ತೆಗೀತೀರಿ. ಇಂಥ ಕೈ ನಮ್ಮಲ್ಲೂ ಇಲ್ಲ," ಎಂದರು. ಸಣ್ಣತ್ತೆಗೆ ನಾಚಿಕೆಯಾಯಿತು. ಡಾಕ್ಟರು ಮುಂದೆ ಕೇಳಿದರು: "ಮೊದಲು ಏನು ಮಾಡ್ತೀರಿ? ಕಾಲನ್ನ ಎಲ್ಲಿ ನೆನೆಸ್ತೀರಿ?"

"ಬಾವ್ಯಾಗೆ ಸ್ವಾಮಿ. ನಾನೇ ಕರ್ಕಂಡು ಹೋಗಿ ಕೂರಿಸ್ತೀನಿ. ನಾರು ಹಾಲು ಕಕ್ಕಿದ್ರೆ ಉರಿ ಇಳೀತೈತೆ."

ಡಾಕ್ಟರು ಎದ್ದು, ಒಂದು ಗಾಜಿನ ಲೋಟದಲ್ಲಿ ಬಾವಿಯ ನೀರು ತರಿಸಿ ಬೇಲಿಯ ಪಕ್ಕದ ಬಿಸಿಲಿಗೆ ಹಿಡಿದರು. ನಾನೂ ಬೇಲಿಯ ಸಂದಿಯಿಂದ ನೋಡಿದೆ. ನೀರಿನಲ್ಲಿ ಸಾಸಿವೆಗಿಂತ ಸಣ್ಣ ಚುಕ್ಕೆಗಳು ಚಿಮ್ಮಿ ಚಿಮ್ಮಿ ಓಡಾಡುತ್ತಿದ್ದವು. ಅವರು ಮೆಲ್ಲಗೆ, ಬೈಯುವ ದನಿಯಿಲ್ಲದೆ, ಹೇಳಿದರು. ಆ ಬಿಳಿ ಹಾಲಿನಲ್ಲಿರುವುದು ನಾರಿನ ಮರಿಗಳು. ಈ ಚುಕ್ಕೆಗಳು ಅವನ್ನು ತಿನ್ನುತ್ತವೆ. ಆ ಚುಕ್ಕೆಗಳನ್ನು ನಾವು ನೀರಿನ ಜೊತೆ ಕುಡಿಯುತ್ತೇವೆ. ಮರಿಗಳು ಒಳಗೆ ಬೆಳೆದು ವರ್ಷಕ್ಕೆ ಸರಿಯಾಗಿ ಕಾಲಿನಲ್ಲಿ ಹೊರಡುತ್ತವೆ. ಹುಣ್ಣಿನ ಕಾಲು ನೀರಿಗೆ ಇಳಿಯದಿದ್ದರೆ ನಾರಿಲ್ಲ. ಮೆಟ್ಟಿಲು ಮುಚ್ಚಿ, ಸುತ್ತ ಗೋಡೆ ಎತ್ತಿ, ಹಗ್ಗ ಹಾಕಿ ಸೇದಬೇಕು. ಅಲ್ಲಿಯವರೆಗೆ ನೀರನ್ನು ಕಾಯಿಸಿ ಕುಡಿಯಬೇಕು, ಇಲ್ಲವೇ ಯಾರೂ ಕಾಲಿಡದ ಬಾವಿಯ ನೀರು ಕುಡಿಯಬೇಕು.

ಹೇಳಿ, ಮಾವನಿಗೂ ಚಾವಡಿಯಲ್ಲಿ ಒಂದು ಮಾತು ಹೇಳಿ, ಕುದುರೆ ಹತ್ತಿ ಹೋದರು. ಮೇಲಿನವರಿಗೆ ಬರೆಯುತ್ತೇನೆಂದರು. ಬರೆದರೋ, ಬರೆದಿದ್ದನ್ನು ಯಾರಾದರೂ ಓದಿದರೋ, ನನಗೆ ತಿಳಿಯದು. ತಿಳಿವಳಿಕೆ ಕೊಟ್ಟು ಅವರು ಹೋದರು. ಅದರ ಭಾರ ಹೊರುವುದು ಅವಳ ಪಾಲಿಗೆ ಬಂತು.

ಆ ದಿನ ಸಣ್ಣತ್ತೆ ಒಲೆ ಹಚ್ಚಲಿಲ್ಲ. ನಾನು ಸಂಜೆ ರೊಟ್ಟಿ ತೆಗೆದುಕೊಂಡು ಹೋದಾಗ ಗೋಡೆಗೊರಗಿ ಕೂತಿದ್ದಳು. ಅವಳ ಬಾಯಲ್ಲಿ ಒಂದೊಂದೇ ಹೆಸರು ಬರುತ್ತಿತ್ತು. ತಾನು ಬಾವಿಯ ಮೆಟ್ಟಿಲಿಗೆ ಕರೆದೊಯ್ದು ಕೂರಿಸಿದವರ ಹೆಸರು. ಇಪ್ಪತ್ತು ವರ್ಷದ ಹೆಸರುಗಳು.

"ನಿನ್ನ ತವರಾಗೆ ನಾರು ಇತ್ತೇನೆ?" ಎಂದಳು.

"ಇರಲಿಲ್ಲ ಅತ್ತೆ."

"ನೋಡು ಮತ್ತೆ. ನಿನ್ನ ಕಾಲಿಗೆ ಹಾಕ್ದೋಳೂ ನಾನೇ, ತೆಗ್ದೋಳೂ ನಾನೇ."

ನಾನು ಏನಾದರೂ ಹೇಳಬೇಕಿತ್ತು. ನಿನಗೇನು ಗೊತ್ತಿತ್ತು, ನಿನ್ನ ತಪ್ಪಲ್ಲ, ಹೀಗೆ ಏನಾದರೂ. ರೊಟ್ಟಿಯನ್ನು ಪಕ್ಕದಲ್ಲಿಟ್ಟು ಎದ್ದು ಬಂದೆ. ಅವಳು ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು. ಅವಳು ಅಳಲಿಲ್ಲ...

ಮಾರನೆಯ ದಿನದಿಂದ ಬೇರೆಯೇ ಹೆಂಗಸಾದಳು. ಹಿತ್ತಲಲ್ಲಿದ್ದ ಕಲ್ಲುಬಾನಿಯನ್ನು ಜಗಲಿಯ ಹತ್ತಿರಕ್ಕೆ ಎಳೆಸಿಕೊಂಡಳು. ಉರಿ ಎಂದು ಬಂದವರು ಅದರಲ್ಲೇ ಕಾಲು ನೆನೆಸಬೇಕು. ಆ ನೀರನ್ನು ತಾನೇ ಹೊತ್ತು ದೂರದ ಕಳ್ಳಿ ಮೆಳೆಗೆ ಸುರಿಯುತ್ತಿದ್ದಳು. ಇಷ್ಟನ್ನು ಜನ ಸಹಿಸಿಕೊಂಡರು. ಆದರೆ ಅವಳು ಅಲ್ಲಿಗೆ ನಿಲ್ಲಿಸಲಿಲ್ಲ. ಬೆಳಗಾಗುತ್ತಲೇ ಬಾವಿಯ ಬಾಯಿಗೆ ಹೋಗಿ, ಮೇಲಿನ ಮೆಟ್ಟಿಲ ಮೇಲೆ ಕೂತು, ಬಂದವರ ಕಾಲು ನೋಡತೊಡಗಿದಳು. ಬಟ್ಟೆ ಸುತ್ತಿದ ಕಾಲು ಕಂಡರೆ, "ಇಳೀಬ್ಯಾಡವ್ವ, ಕೊಡ ಇತ್ಲಾಗೆ ಕೊಡು, ನಾನು ತುಂಬಿಕೊಡ್ತೀನಿ," ಎನ್ನುತ್ತಿದ್ದಳು. ದಿನಕ್ಕೆ ಮೂವತ್ತು ನಲವತ್ತು ಕೊಡ ಹೊತ್ತು ಮೇಲೆ ತಂದಿದ್ದಾಳೆ, ಆ ವಯಸ್ಸಿನಲ್ಲಿ. ಹೆಂಗಸರು ಮೊದಲು ನಕ್ಕರು. ಆಮೇಲೆ ರೇಗಿದರು. ಹೋದ ವರ್ಷ ಕುಡಿದ ನೀರು ಈ ವರ್ಷ ಕಾಲಿಗೆ ಬರುತ್ತದಂತೆ ಎಂದು ಅವಳ ಮಾತನ್ನು ಆಡಿ ತೋರಿಸಿದರು. ಸ್ನಾನಕ್ಕಿಳಿಯುವ ಗಂಡಸರಿಗೆ ಒಬ್ಬ ವಿಧವೆ ದಾರಿಗಡ್ಡ ಕೂತಿದ್ದಾಳೆಂಬ ಸಿಟ್ಟು. ಹುಣ್ಣಿನ ಮುಂದೆ ಕೂತಿದ್ದಷ್ಟು ದಿನ ಅವಳು ದೇವರು. ಬಾವಿಯ ಮುಂದೆ ಕೂತ ಮೇಲೆ ಹುಚ್ಚಿ.

ಒಂದು ದಿನ ಸಣ್ಣತ್ತೆಯನ್ನು ಚಾವಡಿಗೆ ಕರೆಸಿದರು. ನಾವು ಹೆಂಗಸರು ಆಚೆ ಗೋಡೆಯ ಮರೆಯಲ್ಲಿ ನಿಂತಿದ್ದೆವು. ಭಾವನ ಎದುರಿಗೆ ನಿಂತು ಮಾತಾಡುವ ರೂಢಿ ನಮ್ಮಲ್ಲಿರಲಿಲ್ಲ. ಅಷ್ಟು ವರ್ಷದಲ್ಲಿ ಅವಳು ಮಾವನಿಗೆ ಏನು ಹೇಳಬೇಕಿದ್ದರೂ ನನ್ನ ಅತ್ತೆಯ ಮೂಲಕವೇ ಹೇಳಿದ್ದಳು. ಅವತ್ತು ಕಂಬದ ಪಕ್ಕ ಬಂದು ನಿಂತಳು.

ಮಾವ ಕೆಟ್ಟ ಮನುಷ್ಯರಲ್ಲ. ಬರ ಬಂದಾಗ ಕಣಜ ತೆಗೆದವರು. ಆದರೆ ಆ ಬಾವಿ ಅವರ ತಂದೆಯ ಹೆಸರು. "ನಮ್ಮಪ್ಪ ಕಟ್ಸಿದ ಬಾವಿ. ದಿನಾ ಲಿಂಗಪೂಜೆಗೆ ಅದೇ ನೀರು ತರೋದು. ಅದ್ರಾಗೆ ಹುಳ ಐತೆ ಅಂತ ಊರ ತುಂಬ ಸಾರ್ತೀಯಂತೆ?" ಎಂದರು.

"ಬಾವಿದು ತಪ್ಪಿಲ್ಲ ಭಾವ. ಮೆಟ್ಲಿಂದು ತಪ್ಪು. ಮೆಟ್ಲು ಮುಚ್ಚಿಸ್ರಿ, ಹಗ್ಗ ಹಾಕ್ಸ್ರಿ. ಎರಡು ವರ್ಷ ನೋಡ್ರಿ. ಆಮೇಲೂ ನಾರು ಕಂಡ್ರೆ ನನ್ನ ಊರು ಬಿಡಿಸ್ರಿ."

"ಇದನ್ನ ನೀನು ಹೆಂಗೆ ಕಂಡೆ?"

ಇಲ್ಲಿಗೆ ಸುಮ್ಮನಿರಬಹುದಿತ್ತು. ಡಾಕ್ಟರು ಹೇಳಿದರು ಎಂದಿದ್ದರೆ ಸಾಕಿತ್ತು. ಅವಳು ಸುಮ್ಮನಿರಲಿಲ್ಲ. ಎಷ್ಟೋ ದಿನದಿಂದ ಯೋಚಿಸಿ ಯೋಚಿಸಿ ತಾನೇ ಕಂಡುಕೊಂಡದ್ದನ್ನು ಹೇಳಿಬಿಟ್ಟಳು.

"ಕೇರಿ ಬಾವಿಗೆ ಮೆಟ್ಲಿಲ್ಲ ಭಾವ. ಅವ್ರು ಹಗ್ಗ ಹಾಕಿ ಸೇದ್ತಾರೆ. ಇಪ್ಪತ್ತು ವರ್ಷದಾಗೆ ಅಲ್ಲಿಂದ ನನ್ನತ್ರ ಬಂದೋರು ನಾಕೋ ಐದೋ ಜನ. ಅವ್ರೂ ನಮ್ಮ ಹೊಲದಾಗೆ ಕೂಲಿಗೆ ಬಂದು ನಮ್ಮ ನೀರು ಕುಡ್ದೋರೇ."

ಅವಳು ಹೇಳಿದ್ದು ಎಲ್ಲರಿಗೂ ಅರ್ಥವಾಗಿತ್ತು. ನಿಜವೆಂದೂ ಕೆಲವರಿಗೆ ಅನ್ನಿಸಿರಬೇಕು. ಅದಕ್ಕೇ ಅಷ್ಟು ಸಿಟ್ಟು ಬಂತು. ನಮ್ಮ ಬಾವಿಗಿಂತ ಕೇರಿಯ ಬಾವಿ ಚೊಕ್ಕಟವೆಂದು ಗೌಡರ ಮನೆಯ ಹೆಣ್ಣುಮಗಳೇ ಹೇಳುವುದೆಂದರೇನು? ಒಬ್ಬ ಎದ್ದು ನಿಂತು, ಕೇರಿಯವರ ಕಾಲು ಹಿಡಿದ ಕೈ ಅದು, ಇನ್ನೇನು ಮಾತು ಬರುತ್ತೆ ಎಂದು ಕೂಗಿದ. ಅವನ ಹೆಂಡತಿಯ ಕಾಲಿಂದ ಎರಡು ಹುಳ ತೆಗೆದಿದ್ದೂ ಅದೇ ಕೈ. ಮಾವ ಕೈಯೆತ್ತಿ ಸುಮ್ಮನಿರಿಸಿ, ಇನ್ನು ಮೇಲೆ ಬಾವಿಯ ಹತ್ತಿರ ಅವಳು ಕೂರಬಾರದು ಎಂದಷ್ಟೇ ಹೇಳಿ ಎದ್ದರು. ಅಷ್ಟಕ್ಕೇ ಮುಗಿದಿದ್ದರೆ...

ಮುಗಿಯಲಿಲ್ಲ, ಮುಗಿಯದಂತೆ ಮಾಡಿದವಳು ನಾನು.

ಆಗ ನಾನು ಬಸುರಿ, ಮೂರು ತಿಂಗಳು. ಸಣ್ಣತ್ತೆಗೆ ಮೊದಲು ಹೇಳಿದ್ದೆ. ಅವಳಿಗೆ ನನ್ನ ಮತ್ತು ಹೊಟ್ಟೆಯಲ್ಲಿದ್ದುದರ ಚಿಂತೆ ಹತ್ತಿಕೊಂಡಿತು. ಈಗ ಕುಡಿದ ನೀರು ವರ್ಷಕ್ಕೆ ಕಾಲಿಗೆ ಬರುತ್ತದೆ, ಎಳೆಗೂಸಿನ ತಾಯಿಗೆ ನಾರೆದ್ದರೆ ಏನಾಗುತ್ತದೆಂದು ಅವಳು ನೋಡಿದ್ದಳು. ನಮ್ಮ ಮನೆಯಲ್ಲಿ ನೀರು ಕಾಯಿಸಿ ಕುಡಿಯುತ್ತೇನೆ ಎನ್ನುವ ಧೈರ್ಯ ನನಗಿರಲಿಲ್ಲ. ಅವಳಿಗೆ ದಿನಾ ಕಾಯಿಸುವಷ್ಟು ಸೌದೆ ಇರಲಿಲ್ಲ. ಅವಳು ನಾರು ತೆಗೆದಿದ್ದ ಕೇರಿಯ ಹೆಂಗಸೊಬ್ಬಳು, ನಸುಕಿನಲ್ಲಿ ಹಿತ್ತಲ ಬೇಲಿಯ ಹತ್ತಿರ ಒಂದು ಗಡಿಗೆ ನೀರು ಇಟ್ಟು ಹೋಗತೊಡಗಿದಳು. ಸಣ್ಣತ್ತೆ ಅದನ್ನೇ ಕುಡಿಯುತ್ತಿದ್ದಳು. ನನಗೂ ಕೊಡುತ್ತಿದ್ದಳು. "ನೀರಿಗೆ ಜಾತಿಲ್ಲ ಕಣೆ, ಹುಳ ಐತೋ ಇಲ್ವೋ ಅಷ್ಟೇ," ಎಂದಳು ಮೊದಲ ದಿನ. ಕಣ್ಣು ಮುಚ್ಚಿಕೊಂಡು ಕುಡಿದೆ. ಆಮೇಲಾಮೇಲೆ ಕಣ್ಣು ತೆರೆದೇ ಕುಡಿದೆ. ಒಳ್ಳೆಯ ನೀರು, ತುಸು ಸವುಳು.

ಎರಡು ತಿಂಗಳಾಗಿರಬಹುದು. ಯಾರು ನೋಡಿದರೋ, ಮಾತು ಮಾವನ ಕಿವಿಗೆ ಬಿತ್ತು. ಒಂದು ಮಧ್ಯಾಹ್ನ ಊಟ ಮುಗಿಸಿ ನಡುಮನೆಯಲ್ಲಿ ಕೂತು ನನ್ನನ್ನು ಕರೆದರು. ಅತ್ತೆ ಪಕ್ಕದಲ್ಲಿದ್ದರು, ನನ್ನ ಗಂಡ ಬಾಗಿಲಿನಲ್ಲಿ ನಿಂತಿದ್ದರು.

"ನೋಡು ತಾಯಿ, ನೀನು ಅಲ್ಲಿಗೆ ಹೋಗಿ ಬಂದು ಮಾಡ್ತೀಯ. ಸುಳ್ಳು ಹೇಳಬ್ಯಾಡ. ಅವಳು ಕೇರಿ ನೀರು ಕುಡೀತಾಳಾ?"

ನಾನು "ಹೂಂ" ಎಂದೆ.

ಒಂದೇ ಅಕ್ಷರ. ನಾನೂ ಕುಡಿಯುತ್ತೇನೆ ಎಂದು ಸೇರಿಸಲಿಲ್ಲ. ನನಗೆ ಗೊತ್ತಿಲ್ಲ ಎಂದೂ ಹೇಳಬಹುದಿತ್ತು. ಅದೂ ಹೊಳೆಯಲಿಲ್ಲ. ಹೊಟ್ಟೆಯಲ್ಲಿ ಮಗುವಿದೆ, ಮನೆಯಿಂದ ಹೊರಗೆ ಹಾಕಿದರೆ ಗತಿಯೇನು ಎಂದು ಹೆದರಿದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಹೆದರಿಕೆ ನಿಜ. ಆದರೆ ಗೌಡರ ಮನೆಯ ಒಳ್ಳೆಯ ಸೊಸೆ ಅನ್ನಿಸಿಕೊಳ್ಳುವ ಆಸೆಯೂ ಆ ಹೂಂ ಒಳಗೆ ಇತ್ತು. ಅದನ್ನು ಇವತ್ತು ಮುಚ್ಚಿಟ್ಟು ಫಲವಿಲ್ಲ.

ಚಾವಡಿಯಲ್ಲಿ ಅವಳನ್ನು ಮತ್ತೆ ನಿಲ್ಲಿಸಿದರು. ನೀರು ತಂದುಕೊಟ್ಟವರು ಯಾರು ಎಂದು ಕೇಳಿದರು. ಹೆಸರು ಹೇಳಿದ್ದರೆ ಆ ಹೆಂಗಸಿನ ಗಂಡನನ್ನು ಕಂಬಕ್ಕೆ ಕಟ್ಟಿ ಹೊಡೆಯುತ್ತಿದ್ದರು. "ಯಾರೂ ತಂದಿಲ್ಲ. ನಾನೇ ಹೋಗಿ ಸೇದ್ಕಂಡು ಬರ್ತೀನಿ," ಎಂದಳು ಸಣ್ಣತ್ತೆ. ಅವಳ ಬಾಯಲ್ಲಿ ನಾನು ಕೇಳಿದ ಸುಳ್ಳು ಅದೊಂದೇ. ಬೇರೆ ಯಾರಾದರೂ ಕುಡಿದಿದ್ದಾರೆಯೇ ಎಂದು ಕೇಳಿದರು. ಅವಳು ಗೋಡೆಯ ಕಡೆ, ನಾನಿದ್ದ ಕಡೆ, ತಿರುಗಿಯೂ ನೋಡದೆ, "ಇಲ್ಲ," ಎಂದಳು. ಅದನ್ನೂ ಸೇರಿಸಿದರೆ ಎರಡು ಸುಳ್ಳಾಯಿತು.

ಅವಳನ್ನು ಕುಲದಿಂದ ಹೊರಗಿಟ್ಟರು. ಊರಿನಲ್ಲಿ ಬೆಂಕಿಯಿಲ್ಲ, ನೀರಿಲ್ಲ, ಮನೆಯಿಲ್ಲ. ನಮ್ಮ ಮನೆಯಿಂದ ಹೋಗುತ್ತಿದ್ದ ರಾಗಿ ನಿಂತಿತು. ಎರಡು ಸೀರೆ, ಅರೆಯುವ ಗುಂಡುಕಲ್ಲು, ಇಂಗಿನ ಗಂಟು ಹಿಡಿದು ಹಿತ್ತಲ ಬಾಗಿಲಿಂದ ಹೋದಳು. ಕೇರಿಗೂ ಊರಿಗೂ ನಡುವೆ ಹೊಲದ ಬದುವಿನಲ್ಲಿ ಯಾರೋ ಒಂದು ಗುಡಿಸಲು ಹಾಕಿಕೊಟ್ಟರು. ಯಾರೋ ಅಂದರೆ ಕೇರಿಯವರು. ಊರಿನವರು ಯಾರೂ ಹಾಕಿಕೊಡಲಿಲ್ಲ.

ಆದರೂ ನಾರು ನಿಲ್ಲಲಿಲ್ಲವಲ್ಲ. ಮುಂದಿನ ಬೇಸಿಗೆ ಬಂತು, ಕಾಲುಗಳು ಉರಿಯತೊಡಗಿದವು. ಹೊರಗಿಟ್ಟವರೇ ಕತ್ತಲಾಗುವ ಮುಂಚೆ ಬದುವಿನ ದಾರಿ ಹಿಡಿದು ಅವಳ ಗುಡಿಸಲಿಗೆ ಕುಂಟಿಕೊಂಡು ಹೋದರು. ಅವಳು ಯಾರನ್ನೂ ಹಿಂದಕ್ಕೆ ಕಳಿಸಲಿಲ್ಲ. ಗುಣವಾಗುವವರೆಗೆ ಬಾವಿಗೆ ಇಳಿಯುವುದಿಲ್ಲವೆಂದು ಮಾತು ಕೊಡಿ ಎನ್ನುತ್ತಿದ್ದಳಂತೆ. ಕೊಟ್ಟರು. ಕೊಟ್ಟು, ಬರುವಾಗ ಅವಳ ಮನೆಯ ಮೈಲಿಗೆ ಕಳೆಯಲು ನೇರ ಬಾವಿಗೆ ಹೋಗಿ, ಕಾಲು ತೊಳೆದುಕೊಂಡು ಮನೆ ಸೇರಿದರು. ಹುಣ್ಣಿನ ಕಾಲನ್ನೇ.

ಅದೇ ಬೇಸಿಗೆಯಲ್ಲಿ ಮಾವನ ಮೊಣಕಾಲ ಚಿಪ್ಪಿನ ಪಕ್ಕ ನಾರೆದ್ದಿತು. ಮೂರು ದಿನ ಹಲ್ಲು ಕಚ್ಚಿದರು. ನಾಲ್ಕನೆಯ ದಿನ ಅತ್ತೆ ಆಳಿನ ಕೈಲಿ ಹೇಳಿ ಕಳಿಸಿದರು. ಸಣ್ಣತ್ತೆ ಬಂದಳು. ಬರುವುದಿಲ್ಲವೆನ್ನಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡಿದ್ದೆ. ಒಂದು ಸಲವಾದರೂ ಅವಳು ಆಗಲ್ಲ ಅನ್ನಬೇಕಿತ್ತು. ಹನ್ನೊಂದು ದಿನ ಹಿತ್ತಲ ಬಾಗಿಲಿಂದ ಬಂದು, ಕೊಟ್ಟಿಗೆಯ ಪಕ್ಕದ ಜಗಲಿಯ ಮೇಲೆ ಕೂತು, ತನ್ನನ್ನು ಹೊರಗಿಟ್ಟವರ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಸುತ್ತಿದಳು. ಮಾವ ಆಚೆ ಗೋಡೆ ನೋಡುತ್ತ ಮಲಗಿರುತ್ತಿದ್ದರು. ಕೊನೆಯ ದಿನ ಹುಳದ ಬಾಲವೂ ಬಂತು. ಅದನ್ನು ಬೂದಿಯಲ್ಲಿ ಹಾಕಿ, ಕೈ ಒರೆಸಿಕೊಂಡು, ಒಂದೇ ಮಾತು ಕೇಳಿದಳು.

"ಭಾವ, ನನ್ನ ಒಳಗೆ ತಗಳ್ರಿ ಅನ್ನಲ್ಲ. ಆ ಮೆಟ್ಲು ಮುಚ್ಚಿಸ್ರಿ."

"ನೋಡಾಣ," ಎಂದರು ಮಾವ.

ಅವಳು ಅಂಗಳ ದಾಟುವುದರೊಳಗೇ ಅತ್ತೆ ನನ್ನ ಕೈಗೆ ಸಗಣಿ ಬುಟ್ಟಿ ಕೊಟ್ಟರು. ಸಣ್ಣತ್ತೆ ಕೂತಿದ್ದ ಜಾಗವನ್ನು ನಾನು ಸಾರಿಸತೊಡಗಿದೆ. ಬೇಲಿಯ ಹತ್ತಿರ ಅವಳು ನಿಂತು ಹಿಂದಿರುಗಿ ನೋಡಿದಳು. ನನ್ನ ಕಂಕುಳಲ್ಲಿ ಆರು ತಿಂಗಳ ಮಗ. ಅವನನ್ನು ಅವಳು ಅದೇ ಮೊದಲು ನೋಡಿದ್ದು. ಬೈಯುತ್ತಾಳೆ ಎಂದುಕೊಂಡೆ. ಉಗಿದಿದ್ದರೂ ಆಗುತ್ತಿತ್ತು.

"ಸಾರ್ಸಿದ್ಮೇಲೆ ಕೈ ತೊಳ್ಯೋಕೆ ಬಾವಿಗೆ ಇಳೀಬ್ಯಾಡ ಕಣೆ. ಮನೇಲೇ ತೊಳ್ಕ. ಕೂಸಿಗೆ ನೀರು ಕಾಯಿಸಿ ಕುಡಿಸು," ಎಂದಳು.

ಅವಳು ನನ್ನ ಹತ್ತಿರ ಆಡಿದ ಕೊನೆಯ ಮಾತು ಅದು. ಮಳೆಗಾಲ ಮುಗಿಯುವ ಹೊತ್ತಿಗೆ ಆ ಕಡೆಯೆಲ್ಲ ಚಳಿಜ್ವರ ಎದ್ದಿತು. ಗುಡಿಸಲಿನಲ್ಲಿ ಅವಳೂ ಮಲಗಿದಳು. ಸುದ್ದಿ ನಮ್ಮ ಮನೆಗೆ ಬಂದಾಗ ಸತ್ತು ಮೂರು ದಿನವಾಗಿತ್ತು. ಕೇರಿಯವರೇ ಗುಂಡಿ ತೆಗೆದು ಮಣ್ಣು ಮಾಡಿದ್ದರು. ಅವಳ ಕೈಯಿಂದ ಎದ್ದು ನಡೆದವರು ಸುತ್ತ ಹತ್ತು ಹಳ್ಳಿಯಲ್ಲಿದ್ದರು, ಒಬ್ಬರೂ ಹೋಗಲಿಲ್ಲ. ಮಾವ ಆ ದಿನ ಊಟ ಬಿಟ್ಟರು. ಮೆಟ್ಟಿಲು ಮುಚ್ಚಿಸಲಿಲ್ಲ.

ಎಷ್ಟೋ ವರ್ಷವಾದ ಮೇಲೆ, ಮಾವ ತೀರಿಕೊಂಡ ಮೇಲೆ, ಸರ್ಕಾರದವರು ಬಂದು ಮೆಟ್ಟಿಲಿಗೆ ಕಲ್ಲು ತುಂಬಿ, ಸುತ್ತ ಗೋಡೆ ಎತ್ತಿ, ರಾಟೆ ಹಾಕಿದರು. ಯಾರೂ ಎದುರಾಡಲಿಲ್ಲ. ಎರಡೇ ವರ್ಷಕ್ಕೆ ನಾರು ನಿಂತಿತು. ಎಷ್ಟು ಸುಲಭದ ಕೆಲಸ ನೋಡಿ. ಅವಳು ಹೇಳಿದ್ದು ನಿಜವಾಯಿತು ಎಂದು ಊರಿನಲ್ಲಿ ಒಬ್ಬರಾದರೂ ಅನ್ನಬಹುದೆಂದು ಕಾದೆ. ಅಷ್ಟು ಹೊತ್ತಿಗೆ ಅವಳನ್ನು ನೆನೆಯುವುದಕ್ಕೇ ಜನರಿಗೆ ಮುಜುಗರವಾಗಿತ್ತು. ನೆನೆದರೆ ತಾವು ಮಾಡಿದ್ದೂ ನೆನಪಾಗಬೇಕಲ್ಲ.

ಪರರ ಸೇವೆ ದೊಡ್ಡದು, ಅದರಿಂದ ಲೋಕ ಸುಧಾರಿಸುತ್ತದೆ ಎಂದು ಈಗ ಸಭೆಗಳಲ್ಲಿ ಹೇಳುವುದನ್ನು ಕೇಳುತ್ತೇನೆ. ಇಲ್ಲವೆನ್ನುವುದಿಲ್ಲ. ಆ ಕೈ ಇಲ್ಲದಿದ್ದರೆ ನಾನು ಇವತ್ತು ನೆಟ್ಟಗೆ ನಡೆಯುತ್ತಿರಲಿಲ್ಲ. ಆದರೆ ಸೇವೆ ಮಾಡಿಸಿಕೊಂಡವರು ಏನು ಮಾಡಿದರು ಎಂದು ಆ ಸಭೆಗಳಲ್ಲಿ ಯಾರೂ ಕೇಳುವುದಿಲ್ಲ. ಕೇಳಿದರೆ ನಾನು ಎದ್ದು ಹೇಳಬೇಕಾಗುತ್ತದೆ.

ಇನ್ನೊಂದಿದೆ. ಬರೆಯದೆ ಎದ್ದುಬಿಡೋಣವೆಂದುಕೊಂಡಿದ್ದೆ.

ನನ್ನ ಮಗನಿಗೆ ನಾನು ನೀರು ಕಾಯಿಸಿ ಕುಡಿಸಲಿಲ್ಲ. ಕಾಯಿಸಿದರೆ ಅತ್ತೆ ಯಾಕೆಂದು ಕೇಳುತ್ತಾರೆ, ಕೇಳಿದರೆ ಸಣ್ಣತ್ತೆಯ ಮಾತು ಬರುತ್ತದೆ. ಅವನಿಗೆ ಎಂಟು ವರ್ಷವಾದಾಗ ಬಲಗಾಲಿಗೆ ನಾರೆದ್ದಿತು. ತೆಗೆಯುವವರು ಯಾರಿದ್ದರು? ಕ್ಷೌರದವನನ್ನು ಕರೆಸಿದೆವು. ಎರಡನೆಯ ದಿನವೇ ಹುಳ ಒಳಗೆ ತುಂಡಾಯಿತು. ಕಾಲು ಗಡಿಗೆಯಂತೆ ಊದಿ, ಕೀವಾಗಿ, ವರ್ಷಗಟ್ಟಲೆ ನರಳಿ, ಕಡೆಗೆ ಮೊಣಕಾಲು ಮಡಿಚಿದಂತೆಯೇ ನಿಂತುಹೋಯಿತು.

ಇದನ್ನು ಬರೆಯುತ್ತಿರುವ ಹೊತ್ತಿನಲ್ಲಿ ಅವನು ಅಂಗಳದಲ್ಲಿ ಓಡಾಡುತ್ತಿದ್ದಾನೆ. ಒಂದು ಹೆಜ್ಜೆ ಊರುವ ಸದ್ದು, ಇನ್ನೊಂದು ಎಳೆಯುವ ಸದ್ದು... ಆ ಕ್ಷೌರದವನ ಕೈ ಒರಟಾಗಿತ್ತು, ಅದರಿಂದಲೇ ತನಗೆ ಹೀಗಾಯಿತು ಎಂದು ಅವನು ನಂಬಿದ್ದಾನೆ. ಹಾಗಲ್ಲ ಕಣಪ್ಪ, ನಿನಗೆ ನೀರು ಕಾಯಿಸಿ ಕುಡಿಸು ಎಂದು ಒಬ್ಬಳು ನನಗೆ ಹೇಳಿ ಹೋಗಿದ್ದಳು ಎಂದು ತಿಳಿಸಲು ಎರಡು ಸಲ ಬಾಯಿ ತೆರೆದಿದ್ದೇನೆ.

ಇನ್ನೂ ಹೇಳಿಲ್ಲ.